ದೊಡ್ಡವರಿಗೆ ಎಡಗೈ ಮಾತ್ರ

ಅಪ್ಪ ಅಮ್ಮಂದಿರನ್ನೂ ಮಕ್ಕಳನ್ನೂ ಒಂದೇ ಮೇಜಿನ ಮುಂದೆ ಕೂರಿಸಿ, ಮಧ್ಯದಲ್ಲಿ ಒಂದು ಕತ್ತರಿ, ಒಂದು ಗೋಂದಿನ ಬಾಟಲಿ, ನಾಲ್ಕು ರಟ್ಟಿನ ತುಂಡು ಇಟ್ಟು ಸುಮ್ಮನೆ ಪಕ್ಕಕ್ಕೆ ನಿಂತು ನೋಡಿ. ಏನಾದರೊಂದು ನಡೆದೇ ನಡೆಯುತ್ತದೆ. ಏನೂ ನಡೆಯದ ಭಾನುವಾರವನ್ನು ನಾನಂತೂ ಕಂಡಿಲ್ಲ.

ದ್ವಾರಕಾದ ನಮ್ಮ ಸೊಸೈಟಿಯ ಕಮ್ಯುನಿಟಿ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಕನ್ನಡದ ಮನೆಗಳವರು ಒಂದಷ್ಟು ಜನ ಸೇರುತ್ತಾರೆ. ಗುರುಗ್ರಾಮ, ನೋಯ್ಡಾಗಳಿಂದ ಮೆಟ್ರೋ ಹಿಡಿದು ಬರುವವರೂ ಇದ್ದಾರೆ. ಭಜನೆಗಲ್ಲ, ಚೀಟಿ ಎತ್ತುವುದಕ್ಕೂ ಅಲ್ಲ. ಮನೆಮಂದಿ ಜೊತೆಯಲ್ಲಿ ಕೂತು ಏನಾದರೂ ಒಂದು ಸಣ್ಣ ಯಂತ್ರವನ್ನು ಕೈಯಾರೆ ಮಾಡುವುದಕ್ಕೆ. ಇದನ್ನು ಶುರು ಮಾಡಿದವಳು ನನ್ನ ಹೆಂಡತಿ. ಇಲ್ಲಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವಳು. ನಮಗೆ ಮಕ್ಕಳಾಗಲಿಲ್ಲ. ಅದಕ್ಕೋ ಏನೋ, ಕಣ್ಣೆದುರಿಗೆ ಊರ ಮಕ್ಕಳಾದರೂ ಇಲ್ಲದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ನಾನು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಜೀವಮಾನವೆಲ್ಲ ಫೈಲು ತಿರುವಿದವನು. ಹಾಲ್‌ನಲ್ಲಿ ನನ್ನ ಹುದ್ದೆ ರಟ್ಟು ಕತ್ತರಿಸಿ ಕೊಡುವುದು, ಎಲ್ಲ ಮುಗಿದ ಮೇಲೆ ಕಸ ಗುಡಿಸುವುದು.

ಮನೆಗೆ ಬಂದು ಊಟಕ್ಕೆ ಕೂತರೆ ಅವಳು "ನೋಡಿದಿರಾ?" ಎಂದು ಶುರು ಮಾಡುತ್ತಿದ್ದಳು. ನಡೆದದ್ದನ್ನು ನಾನೂ ಅಲ್ಲೇ ನಿಂತು ನೋಡಿರುತ್ತಿದ್ದೆ. ಆದರೂ ಅವಳ ಬಾಯಲ್ಲಿ ಇನ್ನೊಮ್ಮೆ ಕೇಳಿದ ಮೇಲೆಯೇ ಅದು ನಗುವ ವಿಷಯವೆಂದು ನನಗೆ ಗೊತ್ತಾಗುತ್ತಿದ್ದದ್ದು. ಈಗ ಊಟದ ಮೇಜಿನಲ್ಲಿ ಎದುರಿನ ಕುರ್ಚಿ ಖಾಲಿ. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ, ಅದಕ್ಕೆ ನಿಮಗೆ ಹೇಳುತ್ತಿದ್ದೇನೆ. ನಗು ಬಂದರೆ ನಕ್ಕುಬಿಡಿ, ನನ್ನ ಮುಖ ನೋಡಬೇಡಿ.

೧. ಆಟ ಯಾರದು?

ಮೊಟ್ಟಮೊದಲ ಭಾನುವಾರ ಮಾಡಿದ್ದು ಬಲೂನಿನ ಕಾರು. ಖಾಲಿ ನೀರಿನ ಬಾಟಲಿಗೆ ಮುಚ್ಚಳಗಳನ್ನೇ ಚಕ್ರ ಮಾಡಿ, ಮೇಲೆ ಸ್ಟ್ರಾ ಕಟ್ಟಿದ ಬಲೂನು ಕೂರಿಸಿದರೆ ಗಾಳಿ ಹೊರಟ ರಭಸಕ್ಕೆ ಕಾರು ಮುಂದೆ ಓಡಬೇಕು. ಗುರುಗ್ರಾಮದ ಸಾಫ್ಟ್‌ವೇರ್ ಕಂಪನಿಯೊಂದರ ದೊಡ್ಡ ಮ್ಯಾನೇಜರ್ ಒಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಕೂತವರೇ ಬಾಟಲಿ ಎತ್ತಿಕೊಂಡರು. ಮಗ ಕೈ ಚಾಚಿದ. "ಬೇಟಾ, ಒಂದೇ ನಿಮಿಷ" ಎಂದರು. ಮೊಬೈಲಿನಲ್ಲಿ ಚಕ್ರದ ಓರೆ ಅಳೆದರು. ಮಗ ಮತ್ತೆ ಕೈ ಚಾಚಿದ. ಮತ್ತೆ ಒಂದೇ ನಿಮಿಷ. ಆ ನಿಮಿಷ ಕಾಫಿ ಬರುವವರೆಗೂ ಮುಗಿಯಲಿಲ್ಲ.

ಅವರೊಬ್ಬರೇ ಅಲ್ಲ, ಎಲ್ಲ ಮೇಜಿನದೂ ಇದೇ ಕಥೆ. ಅಪ್ಪಂದಿರು ನಾಲಗೆ ಕಚ್ಚಿಕೊಂಡು ಮುಚ್ಚಳಕ್ಕೆ ತೂತು ಕೊರೆಯುತ್ತಿದ್ದರು, ಅಮ್ಮಂದಿರು "ಅದು ಹಾಗಲ್ಲ ಕಣ್ರೀ" ಎಂದು ಕಿತ್ತುಕೊಳ್ಳುತ್ತಿದ್ದರು. ಮಕ್ಕಳೆಲ್ಲ ಮೇಜಿನ ಕೆಳಗೆ ಸೇರಿ, ಉಳಿದ ಸ್ಟ್ರಾಗಳಲ್ಲಿ ತಮ್ಮದೇ ಒಂದು ಆಟ ಹೂಡಿಕೊಂಡಿದ್ದವು. ಕೊನೆಗೆ ಮ್ಯಾನೇಜರ್ ಸಾಹೇಬರ ಕಾರು ನಿಜಕ್ಕೂ ಓಡಿತು. ಅದರ ಹಿಂದೆ ಅವರೂ ನಾಲ್ಕು ಕಾಲಲ್ಲಿ ಬಾಗಿಲವರೆಗೆ ಓಡಿದರು, ಕೇಕೆ ಹಾಕಿಕೊಂಡು. ಅವರ ಮಗ ನನ್ನ ಹೆಂಡತಿಯ ಸೆರಗು ಜಗ್ಗಿ ಕೇಳಿದ, "ಆಂಟಿ, ಪಾಪಾ ಖೇಲ್ ಲೇಂಗೆ, ಆಮೇಲೆ ನನ್ನ ಟರ್ನ್ ಬರತ್ತಾ?"

ಮುಂದಿನ ಭಾನುವಾರ ಬಂದವರಿಗೆ ಬೋರ್ಡಿನ ಮೇಲೆ ಒಂದೇ ಸಾಲು ಕಾದಿತ್ತು: ದೊಡ್ಡವರಿಗೆ ಎಡಗೈ ಮಾತ್ರ. ಮಕ್ಕಳು ಎರಡೂ ಕೈ ಬಳಸಬಹುದು. ದೊಡ್ಡವರ ಬಲಗೈ ಬೆನ್ನ ಹಿಂದೆ ಇರಬೇಕು, ಸೀರೆಯವರು ಸೆರಗಿನೊಳಗೆ ಕಟ್ಟಿಕೊಂಡರೂ ಸರಿ. ಎಲ್ಲರೂ ಗೊಣಗಿದರು. ಮ್ಯಾನೇಜರ್ ಮಾತ್ರ ಗೆದ್ದವರ ಹಾಗೆ ಎದ್ದು ನಿಂತು, "ಮೇಡಂ, ನಾನು ಹುಟ್ಟಾ ಎಡಚ" ಎಂದರು. ನನ್ನ ಹೆಂಡತಿ ಅವರ ಕೈಗೆ ಸೀಮೆಸುಣ್ಣ ಕೊಟ್ಟಳು. ಅವರು ಎಡಗೈಯಲ್ಲಿ ಮುತ್ತು ಪೋಣಿಸಿದ ಹಾಗೆ ಬೋರ್ಡಿನ ಮೇಲೆ ತಮ್ಮ ಹೆಸರು ಬರೆದರು. ಸುಳ್ಳಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು.

"ತುಂಬ ಚೆನ್ನಾಗಿದೆ" ಎಂದಳು ಇವಳು. "ನಿಮಗೆ ಬಲಗೈ ಮಾತ್ರ."

ಅಂದಿನಿಂದ ಆ ಹಾಲ್‌ನಲ್ಲಿ ಬಲಗೈಯಲ್ಲಿ ಕೆಲಸ ಮಾಡುವ ಒಬ್ಬರೇ ಒಬ್ಬ ದೊಡ್ಡ ಮನುಷ್ಯರು ಅವರು. ಅವರಷ್ಟು ಕೆಟ್ಟದಾಗಿ ಗೋಂದು ಹಚ್ಚುವವರೂ ಇನ್ನೊಬ್ಬರಿಲ್ಲ.

೨. ಅಜ್ಜಿಯ ಪೆರಿಸ್ಕೋಪು

ಕುಂದಾಪುರದ ಕಡೆಯವರೊಬ್ಬರದು ಇಲ್ಲಿ ಇಡ್ಲಿ ದೋಸೆಯ ಹೋಟೆಲಿದೆ. ಭಾನುವಾರವೆಂದರೆ ಗಂಡ ಹೆಂಡತಿ ಇಬ್ಬರಿಗೂ ಅಲ್ಲಿ ಉಸಿರಾಡಲು ಬಿಡುವಿಲ್ಲ. ಹಾಗಾಗಿ ಅವರ ಮಗಳ ಜೊತೆಗೆ ಹಾಲ್‌ಗೆ ಬರುತ್ತಿದ್ದದ್ದು ಮನೆಯ ಅಜ್ಜಿ. ಬಿಗಿಯಾದ ತುರುಬು, ಅದಕ್ಕಿಂತ ಬಿಗಿಯಾದ ಮಡಿ. ಬೋರ್ಡು ಓದಿಸಿಕೊಂಡು ಕೇಳಿದ್ದೇ ತಡ, ಕೈ ಕಟ್ಟಿಕೊಂಡು ಕೂತುಬಿಟ್ಟರು.

"ಎಡಗೈಯಲ್ಲಿ ವಿದ್ಯೆ ಕಲಿಸುದಾ ಟೀಚ್ರೇ? ನಂಗೆ ಆಗುದಿಲ್ಲ ಮಾರಾಯ್ತಿ. ಸರಸ್ವತಿ ಮನೆ ಬಿಟ್ಟು ಹೋಗ್ತಾಳೆ."

ಇವಳು ವಾದ ಮಾಡಲಿಲ್ಲ. ಹಾಗಾದರೆ ನೀವು ಏನನ್ನೂ ಮುಟ್ಟಬೇಡಿ ಅಜ್ಜಿ, ಬಾಯಲ್ಲಿ ಹೇಳಿಕೊಟ್ಟರೆ ಸಾಕು ಎಂದಳು. ಆ ಬಾಯಿ ಎಂಥದೆಂದು ನಮಗೆ ಗೊತ್ತಿರಲಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ನಿಂತು ಹೊರಗಿನ ಕೊನೆಯ ಮೇಜಿನವರೆಗೆ ಕೇಳಿಸಿ ರೂಢಿಯಾದ ಗಂಟಲು ಅದು. ಮೊಮ್ಮಗಳಿಗೆ ಹೇಳಿದ್ದನ್ನು ಹಾಲ್‌ನಲ್ಲಿದ್ದವರೆಲ್ಲ ಮಾಡತೊಡಗಿದರು. "ಮಡಿಸು" ಎಂದರೆ ಎಲ್ಲ ಮೇಜಿನಲ್ಲೂ ರಟ್ಟು ಮಡಿಯುತ್ತಿತ್ತು.

ಅಂದು ಮಾಡುತ್ತಿದ್ದದ್ದು ಪೆರಿಸ್ಕೋಪು. ಉದ್ದನೆಯ ರಟ್ಟಿನ ಕೊಳವೆ, ಎರಡು ತುದಿಗೂ ಓರೆಯಾಗಿ ಒಂದೊಂದು ಕನ್ನಡಿ. ಗೋಡೆಯ ಈಚೆ ನಿಂತು ಆಚೆಯದನ್ನು ನೋಡಬಹುದು. ಎಲ್ಲರಿಗಿಂತ ಮೊದಲು ಮುಗಿದದ್ದು ಅಜ್ಜಿಯ ಮೊಮ್ಮಗಳದೇ. ಹಾಲ್‌ಗೂ ಪಕ್ಕದ ಅಡುಗೆಕೋಣೆಗೂ ನಡುವೆ ಸೂರು ಮುಟ್ಟದ ಒಂದು ಅಡ್ಡಗೋಡೆಯಿದೆ. ಅವತ್ತು ಆ ಕಡೆ ಸೊಸೈಟಿಯ ಯಾರದೋ ಹುಟ್ಟುಹಬ್ಬದ ಊಟ ತಯಾರಾಗುತ್ತಿತ್ತು, ಸೌತ್ ಇಂಡಿಯನ್ ಊಟವಂತೆ. ಹುಡುಗಿ ಕೊಳವೆಯನ್ನು ಗೋಡೆಯ ಮೇಲಕ್ಕೆತ್ತಿ ನೋಡಿದಳು.

"ಅಜ್ಜಿ, ಭಯ್ಯಾ ಸಾಂಬಾರ್ ಮೇ ಕುಛ್ ಲಾಲ್ ಲಾಲ್ ಹಾಕ್ತಿದಾರೆ."

ಅಜ್ಜಿ ಪೆರಿಸ್ಕೋಪು ಇಸಿದುಕೊಂಡು ತಾವೂ ಇಣುಕಿದರು. ತುಟಿ ಬಿಗಿಯಿತು. ಅಡುಗೆಯ ಭಯ್ಯಾ ಸಾಂಬಾರಿಗೆ ಟೊಮ್ಯಾಟೊ ಕೆಚಪ್ಪು ಸುರಿಯುತ್ತಿದ್ದ. ಅಜ್ಜಿ ಬಲಗೈಯಲ್ಲಿ ಪೆರಿಸ್ಕೋಪು ಹಿಡಿದುಕೊಂಡೇ ಅಡುಗೆಕೋಣೆಯ ಬಾಗಿಲಿಂದ ಒಳಗೆ ನುಗ್ಗಿದರು. ಗೋಡೆಯಾಚೆ ಇವರದು ಕನ್ನಡ, ಅವನದು ಹಿಂದಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಬೇಕಾದ ಅಗತ್ಯವೇ ಬೀಳಲಿಲ್ಲ. ಬಹಳ ಹೊತ್ತಿನ ಮೇಲೆ ಹುಣಸೆಹಣ್ಣು, ಇಂಗಿನ ಪರಿಮಳ ಈಚೆ ಬಂತು. ಅದರ ಹಿಂದೆ ಅಜ್ಜಿಯೂ ಬಂದರು. ಬಲಗೈಯಲ್ಲಿ ಪೆರಿಸ್ಕೋಪು ಹಾಗೇ ಇತ್ತು, ಎಡಗೈಯಲ್ಲಿ ವಶಪಡಿಸಿಕೊಂಡ ಕೆಚಪ್ಪಿನ ಬಾಟಲಿ.

"ಅಜ್ಜಿ, ಎಡಗೈ" ಎಂದಳು ಇವಳು, ಮೆತ್ತಗೆ.

ಅಜ್ಜಿ ಕೈ ನೋಡಿಕೊಂಡರು. "ಕೋಪಕ್ಕೆ ಎಡ ಬಲ ಗೊತ್ತಾಗುದಿಲ್ಲ ಟೀಚ್ರೇ" ಎಂದರು.

೩. ಡಬ್ಬದ ಪೂಜೆ

ದೀಪಾವಳಿ ಕಳೆದರೆ ದೆಹಲಿಯಲ್ಲಿ ಆಕಾಶಕ್ಕೆ ಬೂದಿ ಬಳಿದ ಹಾಗೆ. ಮಕ್ಕಳಿಗೆ ಶಾಲೆ ರಜೆ, ದೊಡ್ಡವರಿಗೆ ಕೆಮ್ಮು. ಅಂಥದೊಂದು ಭಾನುವಾರ ಇವಳು ಎಲ್ಲರಿಂದಲೂ ಗಾಳಿ ಸೋಸುವ ಡಬ್ಬ ಮಾಡಿಸಿದಳು. ದೊಡ್ಡ ರಟ್ಟಿನ ಡಬ್ಬ, ಒಳಗೆ ಪುಟ್ಟ ಫ್ಯಾನು, ಮುಂದುಗಡೆ ಮಡಿಕೆ ಮಡಿಕೆಯಾದ ಫಿಲ್ಟರು. ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಮುಂದೆ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟು, ಹೊಗೆ ಚೆನ್ನಾಗಿ ಕಾಣಲೆಂದು ದೀಪ ಆರಿಸಿ, ಒಂದು ಟಾರ್ಚು ಹಿಡಿದಿದ್ದಳು. ಎಲ್ಲರೂ ಸುತ್ತ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ದೊಡ್ಡವರ ಬಲಗೈ ಬೆನ್ನ ಹಿಂದೆ.

ಅದೇ ಹೊತ್ತಿಗೆ ಸೊಸೈಟಿಯ ಸೆಕ್ರೆಟರಿ ಬಂದರು. ಹಾಲ್‌ನ ನಿಯಮವೆಂದರೆ ಅವರಿಗೆ ಪ್ರಾಣ, ಹೊಗೆಯ ವಾಸನೆ ಹಿಡಿದು ಜಗಳಕ್ಕೇ ಬಂದಿದ್ದರು. ಬಾಗಿಲಲ್ಲಿ ನಿಂತರು. ಕತ್ತಲೆ, ನಡುವೆ ಬೆಳಕು, ಊದುಬತ್ತಿ, ಮಾತಿಲ್ಲದೆ ನಿಂತ ಜನ. ಅವರು ಷೂ ಬಿಚ್ಚಿದರು. ಒಳಗೆ ಬಂದು ಡಬ್ಬದ ಮುಂದೆ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿದರು. ಯಾರಿಗೂ ಬಾಯಿ ಬಿಡುವ ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು ಅಂಗೈ ಚಾಚಿ, "ಪ್ರಸಾದ್?" ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ಪ್ರತಿ ಭಾನುವಾರ ಕೆಲಸ ಮುಗಿದ ಮೇಲೆ ಎಲ್ಲರೂ ಸಾಲಾಗಿ ಬಂದು ಇವಳ ಕೈಯಿಂದ ಕೊಬ್ಬರಿ ಮಿಠಾಯಿ ಇಸಿದುಕೊಂಡು ಹೋಗುವುದು ವಾಡಿಕೆ. ಆಗ ಎಲ್ಲರ ಬಲಗೈಗೂ ಬಿಡುಗಡೆ. ಇವಳು ಬಲಗೈಯಲ್ಲಿ ಕೊಡುತ್ತಿದ್ದಳು, ಅವರು ಬಲಗೈಯಲ್ಲಿ ತೆಗೆದುಕೊಳ್ಳುತ್ತಿದ್ದರು. ಸೆಕ್ರೆಟರಿಯ ಅಂಗೈಗೂ ಅದನ್ನೇ ಹಾಕಿದಳು. ಅವರು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಅಂದಿನಿಂದ ಚಳಿಗಾಲ ಬಂತೆಂದರೆ ಲಿಫ್ಟಿನ ಹತ್ತಿರ ಇವಳನ್ನು ತಡೆದು ಕೇಳುತ್ತಿದ್ದರು, "ಭಾಭೀಜಿ, ಡಬ್ಬಾ ಪೂಜಾ ಕಬ್ ಹೈ?"

ಊಟಕ್ಕೆ ಕೂತಾಗ ಇವಳು ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಸೆಕ್ರೆಟರಿಯ ಹಾಗೆಯೇ ಮಾಡಿ ತೋರಿಸುತ್ತಿದ್ದಳು. ಪ್ರತಿ ವರ್ಷವೂ ತೋರಿಸುತ್ತಿದ್ದಳು, ಪ್ರತಿ ವರ್ಷವೂ ನಗುತ್ತ ನಗುತ್ತ ನೀರು ನೆತ್ತಿಗೇರಿಸಿಕೊಳ್ಳುತ್ತಿದ್ದಳು. ಹೀಗೆ ಜೋಡಿಸಿದ ಆ ಎರಡು ಕೈಗಳು ಈಗಲೂ ನನ್ನ ಕಣ್ಣೆದುರು ಬರುತ್ತವೆ. ಹೋದ ಚಳಿಗಾಲದಲ್ಲಿ ಜೋಡಿಸಿದ್ದೇ ಕೊನೆ.

೪. ಗಡ್ಡ

ಅವಳಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಕಾಲಿಗೆ ಒಂದಿಷ್ಟು ಶಕ್ತಿ ಬಂತು, ಕೋಲು ಹಿಡಿದು ನಡೆಯುತ್ತಿದ್ದಳು. ಮಾತು ನಿಧಾನವಾಗಿ ಬಂತು. ಬಲಗೈ ಮಾತ್ರ ಬರಲಿಲ್ಲ. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದಳು, ಯಾರದೋ ಮಗುವನ್ನು ನೋಡಿಕೊಳ್ಳುತ್ತಿರುವ ಹಾಗೆ.

ಊರಿಗೆಲ್ಲ ಎಡಗೈ ಕಲಿಸಿದವಳು, ಇವಳಿಗೇನು ಕಷ್ಟ ಎಂದು ಎಲ್ಲರೂ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ನಿಜವಾಗಿಯೂ ಚಮಚ ಹಿಡಿಯುವುದು, ತಲೆ ಬಾಚುವುದು, ಪುಸ್ತಕದ ಹಾಳೆ ಮಗುಚುವುದು, ಎಲ್ಲವನ್ನೂ ಬೇಗ ಕಲಿತಳು. ಒಂದು ದಿನ ಪಕ್ಕದ ಫ್ಲ್ಯಾಟಿನ ಕನ್ನಡದ ಹೆಂಗಸರು ನೋಡಲು ಬಂದರು. ಹೊರಡುವಾಗ ಕುಂಕುಮ ಕೊಡಬೇಕಲ್ಲ. ತಟ್ಟೆ ಅವಳ ಮುಂದೆಯೇ ಇತ್ತು. ಅವಳು ಮುಟ್ಟಲಿಲ್ಲ, ನೀವು ಕೊಡಿ ಎಂದು ನನ್ನ ಕಡೆ ನೋಡಿದಳು. ಹೆಂಗಸರಿಗೆ ಕುಂಕುಮ ಕೊಡುವ ಗಂಡಸನ್ನು ಅವರು ಯಾವತ್ತೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆಯೂ ಓಟು ಕೇಳುವವನ ಹಾಗೆ ಬಗ್ಗಿ ನಿಂತೆ. ಅವರು ತಾವೇ ಹಚ್ಚಿಕೊಂಡು, ಬಾಯಿಗೆ ಸೆರಗು ಮುಚ್ಚಿಕೊಂಡು ಹೋದರು.

ಅವರು ಹೋದ ಮೇಲೆ ಯಾಕೆ ಕೊಡಲಿಲ್ಲ ಎಂದು ಕೇಳಿದೆ.

"ಎಡಗೈಯಲ್ಲಿ ಹೇಗ್ರೀ ಕೊಡಲಿ?"

ಇಡೀ ಹಾಲ್‌ನವರಿಗೆ ಎಡಗೈ ಕಲಿಸಿದವಳು ನೀನೇ ತಾನೆ ಎಂದೆ. ಅವಳು ಬಹಳ ಹೊತ್ತು ಮಾತು ಹುಡುಕಿದಳು.

"ಅದು ಮಾಡೋದು" ಎಂದಳು. "ಇದು ಕೊಡೋದು."

ಚಿಕ್ಕಂದಿನಿಂದ ಕಲಿತದ್ದು, ವಿಜ್ಞಾನ ಓದಿದರೂ ಹೋಗದಂಥದ್ದು. ಅಂದಿನಿಂದ ಯಾರೂ ಬರುವುದು ಬೇಡ ಎನ್ನತೊಡಗಿದಳು. ಹಾಲ್‌ಗೆ ಬಾ ಎಂದರೆ ಬೇಡವೆಂದು ತಲೆಯಾಡಿಸುತ್ತಿದ್ದಳು. ಅಲ್ಲಿಗೆ ಹೋದರೆ ಕೊನೆಗೆ ಮಿಠಾಯಿ ಕೊಡಬೇಕಲ್ಲ. ದಿನಾ ಹತ್ತು ಜನರಿಗೆ ಏನಾದರೂ ಕೊಡದೆ ಇರಲಾರದ ಹೆಂಗಸು ಬಾಗಿಲು ಹಾಕಿಕೊಂಡು ಕೂತಳು. ನಗುವುದನ್ನೂ ನಿಲ್ಲಿಸಿದಳು.

ನಗಿಸೋಣವೆಂದು ನಾನೂ ಎಲ್ಲವನ್ನೂ ಎಡಗೈಯಲ್ಲೇ ಮಾಡುತ್ತೇನೆ ಎಂದು ಹೊರಟೆ. ಮೊದಲು ಹಿಡಿದದ್ದು ಗಡ್ಡವನ್ನು. ಆ ಬ್ಲೇಡು ಕೆನ್ನೆ, ಗದ್ದ ಎಲ್ಲವನ್ನೂ ಮಾತಾಡಿಸಿ ಕೊನೆಗೆ ಕಿವಿಗೂ ಹೋಗಿ ಬಂತು. ಕಿವಿಗೆ ಹೇಗೆ ಹೋಯಿತೆಂದು ನನಗೆ ಇವತ್ತಿಗೂ ತಿಳಿಯದು. ಅಲ್ಲಲ್ಲಿ ಹತ್ತಿ ಅಂಟಿಸಿಕೊಂಡು ಅವಳ ಮುಂದೆ ನಿಂತೆ. ಹಿಂದೆಯಾಗಿದ್ದರೆ ಸಂಜೆಯವರೆಗೆ ನಗುತ್ತಿದ್ದಳು. ಈಗ ನೋಡಿದಳು, "ಅರಿಶಿನ ಹಚ್ಚಿಕೊಳ್ಳಿ" ಎಂದಳು, ಮುಖ ಆಚೆ ತಿರುಗಿಸಿದಳು.

ಹಾಲು ತರಲು ಕೆಳಗಿಳಿದೆ. ಲಿಫ್ಟಿನಲ್ಲಿ ಸೆಕ್ರೆಟರಿ ಸಿಕ್ಕರು. ನನ್ನ ಮುಖವನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು. ಆಮೇಲೆ ಹೆಗಲ ಮೇಲೆ ಕೈಯಿಟ್ಟು, ಬಹಳ ಸಂತೋಷದಿಂದ ಕೇಳಿದರು, "ಅಚ್ಛಾ, ಭಾಭೀಜಿ ಕಾ ಹಾಥ್ ಠೀಕ್ ಹೋ ಗಯಾ?"

ಓಡಿ ಬಂದು ಇದನ್ನೂ ಅವಳಿಗೆ ಹೇಳಿದೆ. ನಿನ್ನ ಕೈ ಸರಿಹೋಗಿ ಏಟು ಕೊಟ್ಟಿದ್ದೀಯ ಅಂದುಕೊಂಡಿದ್ದಾರೆ ಎಂದು ಬಿಡಿಸಿಯೂ ಹೇಳಿದೆ. ನಗಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

೫. ದೂರು

ಭಾನುವಾರಗಳನ್ನು ನಿಲ್ಲಿಸಬೇಡಿ ಎಂದು ಅವಳೇ ಹೇಳಿದ್ದರಿಂದ ಹಾಲ್‌ನಲ್ಲಿ ನಾನೊಬ್ಬನೇ ನಿಲ್ಲಬೇಕಾಯಿತು. ಫೈಲು ತಿರುವಿದವನು ವಿಜ್ಞಾನ ಕಲಿಸಿದರೆ ಹೇಗಿರುತ್ತದೋ ಹಾಗಿತ್ತು. ಮಕ್ಕಳು ಪಾಪ ಎನ್ನುವ ಹಾಗೆ ನೋಡುತ್ತಿದ್ದವು.

ಒಂದು ದಿನ ರಟ್ಟಿನ ಪುಟ್ಟ ಮನೆ ಮಾಡಿ ಒಳಗೆ ದೀಪ ಹಾಕುವುದೆಂದು ನಿಶ್ಚಯವಾಗಿತ್ತು. ಎರಡು ಸೆಲ್ಲು, ಒಂದು ತಂತಿ, ಒಂದು ಬಲ್ಬು. ನಾನು ಮಾದರಿಗೆಂದು ಮಾಡಿದ ಮನೆಯಲ್ಲಿ ದೀಪ ಹತ್ತಲಿಲ್ಲ. ತಂತಿ ಅಲ್ಲಾಡಿಸಿದೆ, ಬಲ್ಬು ತಟ್ಟಿದೆ. ಆಗದೆ ಎರಡೂ ಕೈ ಹಾಕಿದೆ. ಗುರುವೇ ಎರಡು ಕೈ ಹಾಕಿದ ಮೇಲೆ ಕೇಳಬೇಕೇ? ಒಬ್ಬೊಬ್ಬರ ಬಲಗೈಯೂ ಬೆನ್ನ ಹಿಂದಿನಿಂದ ಹೊರಬಂತು. ಮ್ಯಾನೇಜರ್ ಸಾಹೇಬರು ಹಳೆಯ ಬಾಕಿಯನ್ನೆಲ್ಲ ತೀರಿಸಿಕೊಳ್ಳುವವರ ಹಾಗೆ ಎಡಗೈಯಲ್ಲಿ ಮಹಡಿ ಮನೆಯನ್ನೇ ಎಬ್ಬಿಸತೊಡಗಿದರು. ಮಕ್ಕಳು ಒಂದೊಂದಾಗಿ ಮೇಜಿನ ಕೆಳಗೆ ಇಳಿದವು.

ಅಜ್ಜಿಯ ಮೊಮ್ಮಗಳು ಇಳಿಯಲಿಲ್ಲ. ಸುತ್ತ ಒಮ್ಮೆ ನೋಡಿ ಹೊರಗೆ ಹೋದಳು. ನೀರು ಕುಡಿಯಲು ಹೋದಳೆಂದುಕೊಂಡೆ. ಅವಳು ಹೋದದ್ದು ಲಿಫ್ಟು ಹತ್ತಿ ನಮ್ಮ ಮನೆಗೆ. ಬಾಗಿಲು ತಟ್ಟಿ ಹೇಳಿದ್ದಿಷ್ಟಂತೆ: "ಆಂಟಿ, ಅಂಕಲ್ ಚೀಟಿಂಗ್ ಮಾಡ್ತಿದಾರೆ. ದೋನೋ ಹಾಥ್. ಸಬ್ ಲೋಗ್ ದೋನೋ ಹಾಥ್."

ನನ್ನ ಎಷ್ಟೋ ದಿನದ ಬೇಡಿಕೆ ಮಾಡದ್ದನ್ನು ಆ ದೂರು ಮಾಡಿತು. ಹಾಲ್‌ನ ಬಾಗಿಲಲ್ಲಿ ಕೋಲಿನ ಸದ್ದಾಯಿತು. ನೋಡಿದರೆ ಅವಳು, ಮನೆಯಲ್ಲಿ ಉಟ್ಟ ಸೀರೆಯಲ್ಲೇ ಬಂದುಬಿಟ್ಟಿದ್ದಳು. ಪಕ್ಕದಲ್ಲಿ ಹುಡುಗಿ. ಎಲ್ಲರ ಬಲಗೈಗಳೂ ಬೆನ್ನ ಹಿಂದೆ ಹೋದವು, ನನ್ನದು ಎಲ್ಲರಿಗಿಂತ ಮೊದಲು. ಮ್ಯಾನೇಜರ್ ಎಡಗೈ ಬಚ್ಚಿಟ್ಟುಕೊಂಡರು. ಅವಳು ನಿಧಾನವಾಗಿ ನಡೆದು ನನ್ನ ಕತ್ತಲೆ ಮನೆಯ ಹತ್ತಿರ ಬಂದು ಬಗ್ಗಿ ನೋಡಿದಳು.

"ಒಂದು ಸೆಲ್ಲು... ತಿರುಗಿಸಿ."

ತಿರುಗಿಸಿದೆ. ದೀಪ ಹತ್ತಿತು. ಎರಡು ಸೆಲ್ಲುಗಳನ್ನೂ ಎದುರುಬದುರಾಗಿ ಜಗಳಕ್ಕೆ ನಿಲ್ಲಿಸಿದ್ದೆ ನಾನು.

ಅವಳು ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿ ಕೂತಳು. ಕೆಲಸವೆಲ್ಲ ನಿಯಮದ ಪ್ರಕಾರ ಮುಗಿಯಿತು. ಆಮೇಲೆ ಯಾರೋ ರೂಢಿಯಂತೆ ಮಿಠಾಯಿಯ ಡಬ್ಬವನ್ನು ಅವಳ ಮುಂದೆ ಇಟ್ಟರು, ರೂಢಿಯಂತೆ ಸಾಲೂ ನಿಂತಿತು. ಅವಳ ಮುಖ ಬಿಳಚಿಕೊಂಡಿತು. ಬಲಗೈ ಮಡಿಲಲ್ಲಿತ್ತು. ನನ್ನ ಕಡೆ ನೋಡಿದಳು. ಡಬ್ಬ ಎತ್ತಿಕೊಳ್ಳೋಣವೆಂದು ನಾನು ಮುಂದೆ ಬಂದೆ. ಸಾಲಿನಲ್ಲಿ ಮೊದಲು ನಿಂತಿದ್ದದ್ದು ಅಜ್ಜಿ. ಅವರು ನನ್ನನ್ನು ಕಣ್ಣಲ್ಲೇ ತಡೆದರು. ಅಷ್ಟು ಭಾನುವಾರಗಳಲ್ಲಿ ಒಂದು ರಟ್ಟಿನ ಚೂರನ್ನೂ ಎಡಗೈಯಲ್ಲಿ ಮುಟ್ಟದ ಅಜ್ಜಿ, ಬಲಗೈಯನ್ನು ಸೆರಗಿನೊಳಗೆ ಸೇರಿಸಿ, ಎಡಗೈ ಚಾಚಿದರು.

"ಕೊಡಿ ಟೀಚ್ರೇ."

"ನಂದು ಎಡಗೈ, ಅಜ್ಜಿ" ಎಂದಳು ಇವಳು.

"ನಂದೂ ಎಡಗೈಯೇ ಅಲ್ವಾ? ಮೈನಸ್ ಇಂಟು ಮೈನಸ್ ಪ್ಲಸ್ ಆಗ್ತದಂತೆ. ನಿನ್ನೆಯಿಂದ ಈ ಹುಡುಗಿ ಅದನ್ನೇ ಬಾಯಿಪಾಠ ಮಾಡಿ ನನ್ನ ತಲೆ ತಿಂದಿದ್ದಾಳೆ."

ಇವಳು ಅಜ್ಜಿಯನ್ನು ನೋಡಿದಳು. ತುಟಿಯ ಒಂದು ಕೊನೆ ಅಲುಗಿತು. ಆಮೇಲೆ ನಕ್ಕಳು. ಬಾಯಿ ಒಂದು ಕಡೆಗೆ ವಾಲಿಕೊಂಡಿದ್ದರಿಂದ ನಗುವೂ ಸೊಟ್ಟಗಿತ್ತು, ಆದರೆ ಜೋರಾಗಿತ್ತು. ನಗುತ್ತಲೇ ಎಡಗೈಯಲ್ಲಿ ಮಿಠಾಯಿ ತೆಗೆದು ಅಜ್ಜಿಯ ಎಡಗೈಗೆ ಇಟ್ಟಳು. ಹಿಂದಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಎಡಗೈ ಚಾಚಿದರು. ನಾನು ಕಸ ಗುಡಿಸುವ ನೆಪದಲ್ಲಿ ಮೂಲೆಗೆ ಹೋಗಿ ಕಣ್ಣೊರೆಸಿಕೊಂಡೆ.

ಮನೆಗೆ ಬಂದು ಊಟಕ್ಕೆ ಕೂತೆವು. ಚಮಚ ಕೆಳಗಿಟ್ಟು, ಒಂದೊಂದೇ ಅಕ್ಷರ ಎತ್ತಿಡುತ್ತ, "ನೋಡಿದಿರಾ?" ಎಂದಳು.

ನಾನು ನೋಡಿಲ್ಲ, ಹೇಳು ಎಂದೆ.

೬. ಭಟ್ಟರ ಕೈ

ಆ ಬೇಸಿಗೆ, ಆ ಮಳೆಗಾಲ, ಒಂದು ಭಾನುವಾರವನ್ನೂ ಅವಳು ತಪ್ಪಿಸಲಿಲ್ಲ. ಎರಡನೇ ಸಲ ಬಂದ ಲಕ್ವ ಮಾತ್ರ ನಮಗೆ ಆಸ್ಪತ್ರೆ ತಲುಪುವಷ್ಟೂ ಹೊತ್ತು ಕೊಡಲಿಲ್ಲ. ಅದನ್ನು ನಾನು ಇಲ್ಲಿ ಬಿಡಿಸಿ ಹೇಳಲಾರೆ.

ವೈಕುಂಠ ಸಮಾರಾಧನೆಯನ್ನು ಅದೇ ಹಾಲ್‌ನಲ್ಲಿ ಮಾಡಿದೆವು. ಗೋಂದಿನ ಕಲೆಯಿದ್ದ ಮೇಜಿನ ಮೇಲೆ ಅವಳ ಫೋಟೋ ಇಟ್ಟಿದ್ದೆವು. ಬೋರ್ಡಿನ ಮೇಲಿನ ಆ ಒಂದು ಸಾಲನ್ನು ಅಳಿಸಲು ಯಾರಿಗೂ ಮನಸ್ಸಾಗಲಿಲ್ಲ. ಸೆಕ್ರೆಟರಿ ಷೂ ಬಿಚ್ಚಿ, ಮೇಜಿನ ಪಕ್ಕದಲ್ಲಿ ಕೈ ಜೋಡಿಸಿ ಕಣ್ಣು ಮುಚ್ಚಿ ನಿಂತಿದ್ದರು. ನನ್ನ ಪಾಲಿನ ವಿಧಿಗಳೆಲ್ಲ ಮುಗಿದ ಮೇಲೆ, ಬಂದವರು ಒಬ್ಬೊಬ್ಬರಾಗಿ ಹೂ ಹಾಕಬಹುದು ಎಂದು ಭಟ್ಟರು ಹೇಳಿದರು. ಅವರು ದೆಹಲಿಯ ಆ ಕೊನೆಯಿಂದ ಬಂದಿದ್ದ ಹೊಸಬರು, ಚಿಕ್ಕ ವಯಸ್ಸಿನವರು. ನಮ್ಮ ಹಾಲ್‌ನ ವಿಷಯ ಅವರಿಗೆ ಗೊತ್ತಿರಲಿಲ್ಲ.

ಮೊದಲು ಬಂದವರು ಒಬ್ಬ ತಾಯಿ. ಬಲಗೈಯಲ್ಲಿ ಹೂ ಎತ್ತಿಕೊಂಡರು. "ಮಮ್ಮಿ, ಎಡಗೈ" ಎಂದು ಪಕ್ಕದಲ್ಲಿದ್ದ ಮಗು ಪಿಸುಗುಟ್ಟಿತು. ಅವರು ಹೂವನ್ನು ಎಡಗೈಗೆ ದಾಟಿಸಿದರು. "ಅಮ್ಮಾ, ಬಲಗೈ" ಎಂದರು ಭಟ್ಟರು. ಮತ್ತೆ ಬಲಗೈ. "ಮಮ್ಮಿ, ರೂಲ್." ಮತ್ತೆ ಎಡಗೈ. ಆ ಸೇವಂತಿಗೆ ಫೋಟೋ ಮುಟ್ಟುವ ಹೊತ್ತಿಗೆ ಅದರಲ್ಲಿ ತೊಟ್ಟೊಂದೇ ಉಳಿದಿತ್ತು. ಅವರ ಹಿಂದೆ ಬಂದವರದೂ ಇದೇ ಪಾಡು. ಭಟ್ಟರು ಬಲ ಎನ್ನುವುದು, ಮಕ್ಕಳು ಎಡ ಎನ್ನುವುದು, ನಡುವೆ ಅಪ್ಪ ಅಮ್ಮಂದಿರು ಬೆವರುವುದು.

ಮ್ಯಾನೇಜರ್ ಬಂದರು. ಯಾರೂ ಹೇಳುವ ಮೊದಲೇ, ಎಡಗೈ ಬೆನ್ನ ಹಿಂದಿಟ್ಟು, ಬಲಗೈಯಲ್ಲಿ ಅಚ್ಚುಕಟ್ಟಾಗಿ ಹೂ ಹಾಕಿ ಕೈಮುಗಿದರು. ಭಟ್ಟರಿಗೆ ಹೋದ ಜೀವ ಬಂದ ಹಾಗಾಯಿತು.

"ನೋಡಿ" ಎಂದರು ಎಲ್ಲರಿಗೂ. "ಇವರೊಬ್ಬರಿಗಾದರೂ ಸಂಸ್ಕಾರ ಇದೆ."

"ಪಾಪಾ ಲೆಫ್ಟಿ ಹೈ" ಎಂದ ಮಗ. "ಅದಕ್ಕೇ ರೈಟ್."

ಭಟ್ಟರು ಕೈಯಲ್ಲಿದ್ದ ಗಂಟೆ ಕೆಳಗಿಟ್ಟರು. ಅಷ್ಟರಲ್ಲಿ ಅಜ್ಜಿ ಮುಂದೆ ಬಂದರು, ಎಡಗೈಯಲ್ಲಿ ಒಂದು ಹಿಡಿ ಮಲ್ಲಿಗೆ. ಇವರು ಮಡಿಯವರು, ಇವರಾದರೂ ತಮ್ಮ ಪರ ಎಂದುಕೊಂಡಿದ್ದ ಭಟ್ಟರ ಮುಖ ನೋಡಬೇಕಿತ್ತು. ಎಡಗೈ ಕೂಡದು ಎಂದು ಅವರು ಶುರು ಮಾಡುವ ಮೊದಲೇ ಅಜ್ಜಿ ಹೇಳಿದರು:

"ಸತ್ತವರ ಕೆಲಸಕ್ಕೆ ನೀವು ಜನಿವಾರವನ್ನೇ ತಿರುಗಿಸಿ ಹಾಕ್ಕೊಳ್ತೀರಿ. ನಮ್ಮದು ಕೈ ಒಂದು ತಿರುಗಿದ್ರೆ ಎಂತ ಆಗ್ತದೆ?"

ಅಜ್ಜಿ ಮಲ್ಲಿಗೆಯನ್ನು ಫೋಟೋದ ಮುಂದಿಟ್ಟು, "ತಕೊಳ್ಳಿ ಟೀಚ್ರೇ" ಎಂದರು. ಭಟ್ಟರು ಅದು ಶಾಸ್ತ್ರದ ವಿಷಯ ಎಂದೇನೋ ಅನ್ನಲು ಹೋದರು. ಅಜ್ಜಿಯ ಮೊಮ್ಮಗಳು ಅವರ ಎದುರಿಗೆ ಬಂದು ನಿಂತಳು.

"ಭಟ್ರೇ, ನೀವು ದೊಡ್ಡವರಾ, ಬಚ್ಚಾನಾ?"

"ದೊಡ್ಡವನು" ಎಂದರು ಭಟ್ಟರು.

ಹುಡುಗಿ ಬೋರ್ಡಿನ ಕಡೆ ಒಮ್ಮೆ ನೋಡಿದಳು, ಆಮೇಲೆ ಅವರ ಬಲಗೈಯನ್ನು ನೋಡಿದಳು, ನೋಡುತ್ತಲೇ ನಿಂತಳು. ಆ ನೋಟವನ್ನು ಅವಳು ಯಾರಿಂದ ಕಲಿತಳೆಂದು ನಮಗೆಲ್ಲ ಗೊತ್ತಿತ್ತು. ಭಟ್ಟರು ಅಜ್ಜಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಫೋಟೋ ತೋರಿಸಿ, ಅವಳ ಹಾಲ್, ಅವಳ ರೂಲು ಎಂದೆ. ಭಟ್ಟರ ಬಲಗೈ ಮೆಲ್ಲಗೆ ಶಲ್ಯದೊಳಗೆ ಹೋಗಿ, ಬೆನ್ನ ಹಿಂದೆ ಸೇರಿತು. ಅವರು ಎಡಗೈಯಲ್ಲಿ ಒಂದು ದೊಡ್ಡ ಚೆಂಡುಹೂ ಎತ್ತಿಕೊಂಡು, ಗುರಿಯಿಟ್ಟು, ಫೋಟೋದ ಕಡೆ ಎಸೆದರು.

ಅಭ್ಯಾಸವಿಲ್ಲದ ಕೈ. ಹೂವು ಫೋಟೋವನ್ನು ದಾಟಿಕೊಂಡು ಹೋಗಿ, ಕಣ್ಣು ಮುಚ್ಚಿ ನಿಂತಿದ್ದ ಸೆಕ್ರೆಟರಿಯ ಬೋಳು ತಲೆಯ ಮೇಲೆ ಟಪ್ಪನೆ ಬಿತ್ತು. ಸೆಕ್ರೆಟರಿ ಬೆಚ್ಚಲಿಲ್ಲ. ಕಣ್ಣೂ ತೆರೆಯಲಿಲ್ಲ. ಕೈಯೆತ್ತಿ ತಲೆಯ ಮೇಲಿನ ಹೂವನ್ನು ತಡವಿ ತೆಗೆದು, ಭಕ್ತಿಯಿಂದ ಎರಡೂ ಕಣ್ಣಿಗೊತ್ತಿಕೊಂಡು, "ಪ್ರಸಾದ್" ಎಂದು ಬಾಯಿಗೆ ಹಾಕಿಕೊಂಡರು.

ನನಗೆ ನಗು ಬಂತು. ತಡೆಯೋಣವೆಂದರೆ ಆಗಲಿಲ್ಲ. ಹೆಂಡತಿಯ ಸಮಾರಾಧನೆಯ ದಿನ, ಅಷ್ಟು ಜನರ ಮುಂದೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತ ನಗುತ್ತಲೇ ಕಿಟಕಿಯ ಪಕ್ಕದ ಕುರ್ಚಿಯ ಕಡೆ ತಿರುಗಿ, "ನೋಡಿದೆಯಾ?" ಎಂದುಬಿಟ್ಟೆ.